ಬೆಟ್ಟದ ತಪ್ಪಲಿಂದ ಹೊಳೆ ದಡಕ್ಕೆ: ನಮ್ಮ ಸೀಮೆಯ ಮೊದಲ ಊರುಗಳು ಎಲ್ಲಿದ್ದವು?

ಶ್ರೀರಂಗಪಟ್ಟಣ ಅಂದ್ರೆ ಟಿಪ್ಪು, ಪಾಂಡವಪುರ ಅಂದ್ರೆ ಕುಂತಿಬೆಟ್ಟ, ಕೆ.ಆರ್.ಪೇಟೆ-ನಾಗಮಂಗಲ ಅಂದ್ರೆ ಹೊಯ್ಸಳರ ಗುಡಿಗಳು. ನಮ್ಮ ಜಿಲ್ಲೆಯ ಇತಿಹಾಸ ಹೇಳುವಾಗ ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಹೊಯ್ಸಳರಿಗಿಂತ ಎರಡೂವರೆ ಸಾವಿರ ವರ್ಷಕ್ಕೂ ಮೊದಲೇ ಕಾವೇರಿ ಬಯಲಲ್ಲಿ ಜನ ದನ ಸಾಕಿಕೊಂಡು, ಕಲ್ಲಿನ ಕೊಡಲಿ ಹಿಡಿದು ಊರು ಕಟ್ಟಿದ್ದರು. ಅವರ ಗುರುತು ಉಳಿದಿದ್ದರೆ ಅದು ಇರುವುದು ನಾವು 'ಪಾಳು ಜಾಗ' ಅನ್ನುವ ಕಡೆಯೇ. ಗುಡ್ಡದ ಬುಡ, ಗೋಮಾಳ, ಕೆರೆ ಅಂಗಳ, ಬೇಚರಾಕ್ ಗ್ರಾಮದ ದಿಣ್ಣೆ. ಈಗ ಜೆಸಿಬಿ ಮೊದಲು ಹೋಗುತ್ತಿರುವುದೂ ಅಲ್ಲಿಗೇ.

ಪಕ್ಕದ ತಿ.ನರಸೀಪುರದಲ್ಲಿ ಸಿಕ್ಕಿದ್ದು

ಶ್ರೀರಂಗಪಟ್ಟಣದಿಂದ ಕಾವೇರಿ ಕೆಳಗೆ ಹರಿದು ತಿ.ನರಸೀಪುರದಲ್ಲಿ ಕಪಿಲೆಯನ್ನು ಸೇರುತ್ತದೆ. ಆ ಸಂಗಮದ ಹತ್ತಿರ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಎಂ. ಶೇಷಾದ್ರಿ ಅವರು 1959ರಿಂದ ಕೆಲವು ವರ್ಷ ಅಗೆತ ನಡೆಸಿದರು. ನಯವಾಗಿ ಉಜ್ಜಿದ ಕಲ್ಲಿನ ಕೊಡಲಿ, ಬೂದು ಬಣ್ಣದ ಮಡಕೆ, ಹೂತ ಶವಗಳು ಸಿಕ್ಕವು. ಇವು ನವಶಿಲಾಯುಗದವು, ಕ್ರಿ.ಪೂ. 1800ರ ಆಸುಪಾಸಿನವು. ಒಂದು ವಿಶೇಷ ಅಂದ್ರೆ ಸುಟ್ಟ ಮಣ್ಣಿನ ತಲೆದಿಂಬು. ತಲೆ ಇಟ್ಟು ಮಲಗಲು ಬಳಸುವಂಥದ್ದು. ತಲಕಾಡಿನ ಕಡೆಯ ಹೆಮ್ಮಿಗೆಯಲ್ಲೂ ಇಂಥದ್ದೇ ಸಿಕ್ಕಿದೆ.

ಉತ್ತರಕ್ಕೆ ಬಳ್ಳಾರಿ ಹತ್ತಿರದ ಸಂಗನಕಲ್ಲು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೇ ಕಾಲದ ಜನ ಬಂಡೆಬೆಟ್ಟದ ಮೇಲೆ, ಅದರ ಮಗ್ಗುಲಲ್ಲಿ ಮನೆ ಮಾಡಿದ್ದರು. ಬೆಟ್ಟ ಯಾಕೆ? ಬಂಡೆ ಸಂದಿನಲ್ಲಿ ಮಳೆನೀರು ನಿಲ್ಲುತ್ತದೆ, ದನ ಕಾಯಲು ಎತ್ತರ ಬೇಕು, ಕೊಡಲಿಗೆ ಕರಿಕಲ್ಲು ಅಲ್ಲೇ ಸಿಗುತ್ತದೆ. ಸಂಗನಕಲ್ಲಿನ ಹಿರೇಗುಡ್ಡದಲ್ಲಂತೂ ಕರಿಕಲ್ಲಿನ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. ನಮ್ಮಲ್ಲೂ ಶ್ರೀರಂಗಪಟ್ಟಣದ ಸುತ್ತ ಅಂಥ ಕರಿಕಲ್ಲಿನ ಪಟ್ಟೆಗಳು ನೆಲ ಸೀಳಿಕೊಂಡು ಹೋಗಿವೆ.

ಅವರು ತಿಂದಿದ್ದು ಏನು ಅನ್ನುವುದೂ ಗೊತ್ತಾಗಿದೆ. ಸುಟ್ಟು ಕರಕಲಾದ ಕಾಳುಗಳನ್ನು ಮಣ್ಣಿನಿಂದ ತೊಳೆದು ತೆಗೆದು ನೋಡಿದಾಗ ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ ಕಂಡಿವೆ. ನಮ್ಮ ಮುದ್ದೆಯ ರಾಗಿ ಮಾತ್ರ ಈ ನೆಲದ್ದಲ್ಲ, ಆಫ್ರಿಕಾದಿಂದ ಬಂದಿದ್ದು. ಮಂಡ್ಯದವರಿಗೆ ಇದು ಸ್ವಲ್ಪ ಕಷ್ಟದ ಸುದ್ದಿ! ಆದರೆ ಹುರುಳಿ ಸಾರಿಗೆ ನಾಲ್ಕು ಸಾವಿರ ವರ್ಷದ ಹಕ್ಕಿದೆ.

ಕಬ್ಬಿಣ ಬಂತು, ಊರು ಇಳಿಯಿತು

ಕ್ರಿ.ಪೂ. 1200-1000ರ ಹೊತ್ತಿಗೆ ಕಬ್ಬಿಣ ಬಂತು. ತುಂಗಭದ್ರಾ ದಡದ ಹಳ್ಳೂರಿನಲ್ಲಿ ಇದರ ಹಳೆಯ ಗುರುತುಗಳಿವೆ. ಕಬ್ಬಿಣದ ಕೊಡಲಿ, ಗುದ್ದಲಿ ಕೈಗೆ ಬಂದ ಮೇಲೆ ಕಾಡು ಕಡಿದು ಬಯಲು ಉಳುವುದು ಸುಲಭವಾಯಿತು. ಜನ ನಿಧಾನಕ್ಕೆ ತಗ್ಗಿನ ಕಡೆ ಹರಡಿದರು. ಹಳೆ ಜಾಗವನ್ನು ಪೂರ್ತಿ ಬಿಟ್ಟರು ಅಂತಲ್ಲ, ಎಷ್ಟೋ ಕಡೆ ಎರಡೂ ಕಾಲದ ಪದರ ಒಂದರ ಮೇಲೊಂದು ಸಿಗುತ್ತವೆ.

ಈ ಕಾಲದವರು ಸತ್ತವರಿಗಾಗಿ ದೊಡ್ಡ ಕಲ್ಲು ನಿಲ್ಲಿಸಿದರು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚುವುದು, ಸುತ್ತ ಗುಂಡುಕಲ್ಲಿನ ಬಳೆ ಜೋಡಿಸುವುದು. ಜನರ ಬಾಯಲ್ಲಿ ಇವು 'ಪಾಂಡವರ ಮನೆ', 'ಮೋರಿಯರ ಮನೆ'. ಯಾರು ಕಟ್ಟಿದರೋ ಮರೆತುಹೋದಾಗ ದೊಡ್ಡ ಕೆಲಸವನ್ನೆಲ್ಲ ಭೀಮನ ಲೆಕ್ಕಕ್ಕೆ ಬರೆಯುವುದು ನಮ್ಮ ಪದ್ಧತಿ.

ಕರಾವಳಿಗೆ ಹೋದರೆ ಇದೇ ಕಾಲದ ಸಮಾಧಿಯ ರೂಪವೇ ಬೇರೆ. ದಕ್ಷಿಣ ಕನ್ನಡ, ಕಾಸರಗೋಡು ಕಡೆ ಮುರಕಲ್ಲನ್ನೇ ಒಳಗೆ ಕೊರೆದು ಗುಹೆ ಮಾಡಿದ್ದಾರೆ. ಇಲ್ಲಿ ಗ್ರಾನೈಟು ಚಪ್ಪಡಿಯಾಗಿ ಏಳುತ್ತದೆ, ಅಲ್ಲಿ ಮುರಕಲ್ಲು ಉಳಿಗೆ ಬಗ್ಗುತ್ತದೆ. ನಂಬಿಕೆ ಹತ್ತಿರದ್ದೇ ಇರಬಹುದು, ನೆಲ ಕೊಟ್ಟ ಕಲ್ಲು ಬೇರೆ.

ಆಮೇಲಿನ ಕಥೆ ನಮಗೆ ಗೊತ್ತಿರುವುದೇ. ಗಂಗರು, ಹೊಯ್ಸಳರ ಕಾಲದಲ್ಲಿ ಕೆರೆ ಹಿಂದೆ ಊರು ಬಂತು, 20ನೇ ಶತಮಾನದಲ್ಲಿ ನಾಲೆ ಹಿಂದೆ ಗದ್ದೆ ಬಂತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ನೀರಿನಡಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಸೇರುವ ಜಾಗವೇ ಮುಳುಗಿದೆ. ತಿ.ನರಸೀಪುರದಂಥದ್ದೇ ಸಂಗಮ ಅದು.

ಈಗ ಹೋಗುತ್ತಿರುವುದು

ಬೇಬಿಬೆಟ್ಟದ ಗಣಿ ಗಲಾಟೆ ಎಲ್ಲರಿಗೂ ಗೊತ್ತು. ಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ಬೇಡ ಅಂತ 2024ರ ಜನವರಿಯಲ್ಲಿ ಹೈಕೋರ್ಟ್ ಹೇಳಿತು. ಚರ್ಚೆ ಎಲ್ಲ ಅಣೆಕಟ್ಟೆಯ ಸುರಕ್ಷತೆ ಮೇಲೆ, ಅದು ಸರಿಯೇ. ಆದರೆ ಬಂಡೆ ಒಡೆಯುವ ಮೊದಲು ಅದರ ಬುಡದಲ್ಲಿ ಏನಿದೆ ಅಂತ ಒಮ್ಮೆ ನಡೆದು ನೋಡಿ ಅನ್ನುವ ಮಾತು ಕೇಳಿಸುವುದೇ ಕಡಿಮೆ. ಸಂಗನಕಲ್ಲಿನ ಸುತ್ತ ಕಲ್ಲುಗಣಿಯಿಂದ ಎಷ್ಟೋ ಗುರುತು ಹಾಳಾಗಿವೆ. ಉಳಿದಿದ್ದನ್ನು ಬಳ್ಳಾರಿಯ ಮ್ಯೂಸಿಯಮ್ಮಿನಲ್ಲಿ ನೋಡಬಹುದು.

ಇನ್ನೊಂದು ಕಾಟ ನಿಧಿ ಆಸೆ. ಅಮಾವಾಸ್ಯೆ ರಾತ್ರಿ ಅಗೆಯುವವರಿಗೆ ಹೇಳಬೇಕಾದ್ದು ಇಷ್ಟೇ: ಈ ಕಲ್ಲಿನ ಕೆಳಗೆ ಸಾಮಾನ್ಯವಾಗಿ ಇರುವುದು ಮೂಳೆ, ಕಪ್ಪು-ಕೆಂಪು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಒಂದಿಷ್ಟು ಮಣಿ. ಮಾರಿದರೆ ಬೀಡಿ ಕಾಸೂ ಹುಟ್ಟುವುದಿಲ್ಲ, ಅಗೆದರೆ ಕೇಸು ಬೀಳುತ್ತದೆ.

ಹೊಲ ಮಟ್ಟ ಮಾಡಿಸುವಾಗ, ಕೆರೆ ಹೂಳು ತೆಗೆಸುವಾಗ, ಸೈಟಿಗೆ ಪಾಯ ತೋಡುವಾಗ ಬೂದಿ ಬಣ್ಣದ ಮಣ್ಣು, ಒಂದೇ ಕಡೆ ರಾಶಿ ಬೋಕಿ ಚೂರು, ಒಂದು ತುದಿ ಹರಿತವಾಗಿ ಉಜ್ಜಿದ ಕರಿಕಲ್ಲು, ದುಂಡಗೆ ಜೋಡಿಸಿದ ಗುಂಡುಕಲ್ಲು ಕಂಡರೆ ಕೆಲಸ ಒಂದು ದಿನ ನಿಲ್ಲಿಸಿ. ಎತ್ತಿಕೊಂಡು ಮನೆಗೆ ತರಬೇಡಿ, ಜಾಗದಿಂದ ಕದಲಿದರೆ ಅದರ ಅರ್ಧ ಮಾತು ಹೋಗುತ್ತದೆ. ಪಕ್ಕದಲ್ಲಿ ಒಂದು ಪೆನ್ನೋ ಕಡ್ಡಿಪೆಟ್ಟಿಗೆಯೋ ಇಟ್ಟು ಫೋಟೊ ತೆಗೆಯಿರಿ, ಸರ್ವೆ ನಂಬರ್ ಬರೆದುಕೊಳ್ಳಿ. ತಾಲ್ಲೂಕು ಕಚೇರಿಗೆ ಅಥವಾ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ತಗೊಳ್ಳಿ.