ದವಾಖಾನೆ ಒಂದೇ, ವಿದ್ಯೆ ಹಲವು

ಹದಿನೈದನೇ ಶತಮಾನದ ನಡುಭಾಗದಲ್ಲಿ ಬೀದರ್ ಬಹಮನಿ ಸುಲ್ತಾನರ ರಾಜಧಾನಿಯಾಗಿತ್ತು. 1436ರಿಂದ 1458ರವರೆಗೆ ಆಳಿದ ಎರಡನೇ ಅಲಾಉದ್ದೀನ್ ಅಹಮದ್ ಷಾ ಈ ಊರಿನಲ್ಲಿ ಒಂದು ದೊಡ್ಡ ದವಾಖಾನೆ ಕಟ್ಟಿಸಿದ. ರೋಗಿಗಳ ಔಷಧಿ ಮತ್ತು ಊಟದ ಖರ್ಚಿಗೆಂದು ಭೂಮಿಯ ಉತ್ಪನ್ನವನ್ನು ಮೀಸಲಿಟ್ಟ. ಚಿಕಿತ್ಸೆಗೆ ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದ. ಈ ಸಂಗತಿಯನ್ನು ಬರೆದಿಟ್ಟವನು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಶ್ತಾ. ಆತ ವೈದ್ಯವನ್ನೂ ಬಲ್ಲವನು. ಭಾರತೀಯ ವೈದ್ಯಪದ್ಧತಿಯನ್ನು ಪಾರಸಿ ಓದುಗರಿಗೆ ತಿಳಿಸುವ ಒಂದು ಗ್ರಂಥವೂ ಅವನ ಹೆಸರಿನಲ್ಲಿದೆ. ಒಂದು ಪದ್ಧತಿಯವರು ಇನ್ನೊಂದು ಪದ್ಧತಿಯನ್ನು ಅರಿಯಬೇಕೆಂಬ ವಿಚಾರ ಈ ನೆಲಕ್ಕೆ ಹೊಸತಲ್ಲ.

ಬೀದರಿನ ಮಂದಿ ಇಂದಿಗೂ ಆಸ್ಪತ್ರೆಗೆ ದವಾಖಾನೆ ಎಂದೇ ಹೇಳುತ್ತಾರೆ. ನಗರದಲ್ಲಿ ವೈದ್ಯವಿದ್ಯೆಗೆ ಕೊರತೆಯೂ ಇಲ್ಲ. 2007ರಲ್ಲಿ ಆರಂಭವಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಜನರ ಬಾಯಲ್ಲಿ ‘ಬ್ರಿಮ್ಸ್’ ಆಗಿದೆ. ಎಸ್.ಬಿ. ಪಾಟೀಲ ದಂತ ವೈದ್ಯಕೀಯ ಕಾಲೇಜು, ಎನ್.ಕೆ. ಜಾಬಶೆಟ್ಟಿ ಆಯುರ್ವೇದ ಕಾಲೇಜು, ನರ್ಸಿಂಗ್ ಕಾಲೇಜುಗಳು ಇವೆ. ನಂದಿನಗರದಲ್ಲಿ, 2004ರ ಕಾಯ್ದೆಯಂತೆ ರೂಪುಗೊಂಡ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಒಂದು ಜಿಲ್ಲಾ ಕೇಂದ್ರಕ್ಕೆ ಇದು ಸಣ್ಣ ಸಂಪತ್ತೇನಲ್ಲ. ಆದರೆ ಪಠ್ಯ ಬೇರೆ, ಪರೀಕ್ಷೆ ಬೇರೆ, ಹಾಸ್ಟೆಲ್ ಬೇರೆ. ಇವರೆಲ್ಲ ಎದುರುಬದುರು ನಿಲ್ಲುವುದು ಪಾಠದ ಕೋಣೆಯಲ್ಲಲ್ಲ. ಆಟದ ಮೈದಾನದಲ್ಲಿ, ರಕ್ತದಾನ ಶಿಬಿರದಲ್ಲಿ, ಹಳ್ಳಿಯ ಶಾಲೆಯ ಅಂಗಳದಲ್ಲಿ.

ಗೋಡೆ ಎದ್ದ ಬಗೆ

ವೈದ್ಯವಿದ್ಯೆಗಳು ಹೀಗೆ ಬೇರೆ ಬೇರೆ ಮನೆ ಮಾಡಿದ್ದು ಈಚಿನ ಎರಡು ಶತಮಾನಗಳಲ್ಲಿ. 1956ರವರೆಗೆ ಬೀದರ್ ಹೈದರಾಬಾದ್ ಸಂಸ್ಥಾನಕ್ಕೆ, ಬಳಿಕ ಅದೇ ಹೆಸರಿನ ರಾಜ್ಯಕ್ಕೆ ಸೇರಿತ್ತು. ಹೈದರಾಬಾದಿನಲ್ಲಿ ಪಾಶ್ಚಾತ್ಯ ವೈದ್ಯ ಕಲಿಸುವ ಶಾಲೆ 1846ರಲ್ಲೇ ತೆರೆಯಿತು. ಯುನಾನಿ ಕಲಿಯುವವರಿಗೆ ಮುಂದೆ ಅದೇ ಊರಿನಲ್ಲಿ ನಿಜಾಮಿಯಾ ತಿಬ್ಬಿ ಕಾಲೇಜು ಬಂತು. ಬೀದರಿನ ಹಳೆಯ ದವಾಖಾನೆಯಲ್ಲಿ ಜೊತೆಗಿದ್ದ ವಿದ್ಯೆಗಳು ಬೇರೆ ಬೇರೆ ಕಟ್ಟಡ ಸೇರಿದವು. ರಾಜ್ಯ ಪುನರ್ವಿಂಗಡಣೆಯ ನಂತರ, 1963ರಲ್ಲಿ, ಕಲಬುರ್ಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಬೀದರಿಗೆ ಸ್ವಂತ ಸರ್ಕಾರಿ ವೈದ್ಯಕೀಯ ಕಾಲೇಜು ಬರಲು ಮತ್ತೆ 44 ವರ್ಷ ಕಾಯಬೇಕಾಯಿತು.

1996ರಲ್ಲಿ ಕಾರ್ಯಾರಂಭ ಮಾಡಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ವೈದ್ಯಕೀಯ, ದಂತ, ನರ್ಸಿಂಗ್, ಔಷಧ ವಿಜ್ಞಾನ, ಆಯುರ್ವೇದ, ಯುನಾನಿ, ಹೋಮಿಯೋಪಥಿ ಕಾಲೇಜುಗಳನ್ನು ಒಂದೇ ಆಡಳಿತದ ಕೆಳಗೆ ತಂದಿತು. ಪದವಿ ಪತ್ರದ ಮೇಲಿನ ಮುದ್ರೆ ಒಂದಾಯಿತು, ಕಲಿಕೆ ಒಂದಾಗಲಿಲ್ಲ. ಪಶುವೈದ್ಯಕೀಯವಂತೂ ಈ ಛತ್ರಿಯ ಹೊರಗೇ ಉಳಿಯಿತು.

ಶಿಬಿರದ ಪಾಠ

ಗೋಡೆಯಲ್ಲಿ ಮೊದಲ ಕಿಂಡಿ ಕೊರೆದದ್ದು ಪಾಠಪಟ್ಟಿಯಲ್ಲ, ಪಠ್ಯೇತರ ಚಟುವಟಿಕೆ. ಗಾಂಧಿ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಅದಕ್ಕೆ ಚಾಲನೆ ನೀಡಿದವರು ಅಂದಿನ ಕೇಂದ್ರ ಶಿಕ್ಷಣ ಸಚಿವ, ಬಳ್ಳಾರಿ ಕ್ಷೇತ್ರದ ಸಂಸದ ಡಾ. ವಿ.ಕೆ.ಆರ್.ವಿ. ರಾವ್. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಆಯ್ದ ಹಳ್ಳಿಯಲ್ಲೊಂದು ವಾಸ್ತವ್ಯ ಶಿಬಿರ, ಇದು ಅದರ ಕ್ರಮ. 1995ರ ಡಿಸೆಂಬರ್‌ನಲ್ಲಿ ಪಲ್ಸ್ ಪೋಲಿಯೊ ಅಭಿಯಾನ ಶುರುವಾದಾಗ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ಸೇವಾ ಯೋಜನೆಯ ಸ್ವಯಂಸೇವಕರು ಲಸಿಕೆಯ ಕೆಲಸಕ್ಕೆ ಕೈಜೋಡಿಸಿದರು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಿತವಾದುದರ ಹಿಂದೆ ಇಂಥ ಸಾವಿರಾರು ಕೈಗಳ ದುಡಿಮೆಯಿದೆ.

ವಿದ್ಯಾರ್ಥಿಗಳು ತರಗತಿಯ ಹೊರಗೆ ಕೂಡಿದರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಮೈಸೂರಿನಲ್ಲಿ ಸಾಕ್ಷಿಯಿದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಬಡ ರೋಗಿಗಳಿಗೆ ರಕ್ತ, ಔಷಧಿ ಒದಗಿಸುವುದರಿಂದ ಆರಂಭವಾದ ಕೆಲಸ 1987ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಗಳನ್ನು ಮುಟ್ಟಿತು. ಮುಂದೆ ಸರಗೂರಿನಲ್ಲಿ ಆಸ್ಪತ್ರೆಯೇ ಎದ್ದು ನಿಂತಿತು.

ಭಾಲ್ಕಿ, ಔರಾದಿನ ಅಗತ್ಯ

ಬೀದರಿಗೆ ಇಂಥ ಕೂಟ ಏಕೆ ಬೇಕು ಎಂಬುದು ನಗರದಲ್ಲಿ ಕುಳಿತರೆ ತಿಳಿಯದು. ಭಾಲ್ಕಿಯ ದಾರಿಯಲ್ಲೋ ಔರಾದಿನ ದಾರಿಯಲ್ಲೋ ಸುಮಾರು 40 ಕಿಲೋಮೀಟರ್ ಹೋಗಬೇಕು. ಇದು ದೇವಣಿ ತಳಿಯ ದನಗಳ ನಾಡು. ಮನೆಯ ಹಟ್ಟಿಯೂ ಅಡುಗೆಮನೆಯೂ ದೂರ ದೂರವಿಲ್ಲ.

ಕಂದುರೋಗವನ್ನೇ ನೋಡಿ. ವೈದ್ಯರು ಬ್ರುಸೆಲ್ಲೋಸಿಸ್ ಎನ್ನುವ ಈ ರೋಗ ತಗುಲಿದ ಗಬ್ಬದ ಹಸು ಕಂದು ಹಾಕುತ್ತದೆ. ಹಸಿ ಹಾಲು ಕುಡಿದವರಿಗೆ, ಕಂದು ಹಾಕಿದ ಹಸುವಿನ ಮೈಲಿಗೆಯನ್ನು ಬರಿಗೈಯಲ್ಲಿ ತೆಗೆದವರಿಗೆ ಅದು ಅಂಟುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ಬೆವರು. ಬೇರೆ ಜ್ವರವೆಂದು ತಪ್ಪು ತಿಳಿಯುವುದು ಸುಲಭ. ‘ಮನೆಯಲ್ಲಿ ಆಕಳು ಕಂದು ಹಾಕಿತ್ತೇ?’ ಎಂಬ ಪ್ರಶ್ನೆ ಪಶುವೈದ್ಯ ವಿದ್ಯಾರ್ಥಿಗೆ ಸಹಜವಾಗಿ ಹೊಳೆಯುತ್ತದೆ. ರಕ್ತ ಪರೀಕ್ಷೆ ಮಾಡಿಸಿ ವಾರಗಟ್ಟಲೆ ಔಷಧಿ ಕೊಡುವುದು ವೈದ್ಯನ ಕೆಲಸ. ಆ ಔಷಧಿ ನಡುವೆ ನಿಲ್ಲದಂತೆ ನೋಡುವವಳು ದಾದಿ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಿ ರೋಗದ ಬೇರು ಕೀಳುವುದು ಮತ್ತೆ ಪಶುವೈದ್ಯನ ಪಾಲು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ರೈತ ಜ್ವರದಲ್ಲೇ ಹೊಲಕ್ಕೆ ಹೋಗುತ್ತಾನೆ.

ಭಾಷೆಯದೂ ಇದೇ ಕತೆ. ಔರಾದ್ ತಾಲ್ಲೂಕು ಮಹಾರಾಷ್ಟ್ರ, ತೆಲಂಗಾಣಗಳಿಗೆ ತಗುಲಿಕೊಂಡಿದೆ. ಇಲ್ಲಿನ ಮನೆಗಳಲ್ಲಿ ಕನ್ನಡದ ಜೊತೆ ಮರಾಠಿ, ತೆಲುಗು, ಉರ್ದು ಕೇಳುತ್ತವೆ. ದಕ್ಷಿಣ ಜಿಲ್ಲೆಯಿಂದ ಬಂದ ವೈದ್ಯ ವಿದ್ಯಾರ್ಥಿ ಅಜ್ಜಿಯ ಮುಂದೆ ಮೂಕನಾಗಿ ನಿಂತಾಗ, ಗಡಿ ಹಳ್ಳಿಯ ನರ್ಸಿಂಗ್ ವಿದ್ಯಾರ್ಥಿನಿಯೇ ಅವನಿಗೆ ಗುರು. ಮೇಲು ಕೀಳು ಅಲ್ಲಿಗೆ ತಲೆಕೆಳಗಾಗುತ್ತದೆ.

ಹೊರಜಗತ್ತು ಇದನ್ನು ಪಾಠವಾಗಿಯೇ ಸ್ವೀಕರಿಸಿದೆ. ಸ್ವೀಡನ್ನಿನ ಲಿನ್‌ಶಾಪಿಂಗ್ ವಿಶ್ವವಿದ್ಯಾಲಯದಲ್ಲಿ 1986ರಿಂದಲೇ ಹಲವು ಆರೋಗ್ಯ ವಿದ್ಯೆಗಳ ವಿದ್ಯಾರ್ಥಿಗಳು ಜೊತೆಗೆ ಕಲಿಯುತ್ತಾರೆ. ಜೊತೆಗೆ ಕಲಿತವರೇ ಜೊತೆಗೆ ದುಡಿಯಬಲ್ಲರು ಎಂಬ ವಿಚಾರಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಚೌಕಟ್ಟನ್ನೇ ರೂಪಿಸಿತು. ನಮ್ಮಲ್ಲಿ 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಅಲೋಪಥಿ ಮತ್ತು ಆಯುಷ್ ವೈದ್ಯರನ್ನು ಒಂದೇ ಆರೋಗ್ಯ ಕೇಂದ್ರದಲ್ಲಿ ಕೂರಿಸಲು ಮುಂದಾಯಿತು. ಆದರೆ ಐದಾರು ವರ್ಷ ಮುಖ ನೋಡದೆ ಓದಿದವರು ಕೆಲಸಕ್ಕೆ ಸೇರಿದ ದಿನವೇ ಗೆಳೆಯರಾಗಬೇಕೆಂದರೆ ಹೇಗೆ?

ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕತೆ ಈ ಜಿಲ್ಲೆಯಲ್ಲಿ ಮನೆಮಾತು. ಪಾಠಪಟ್ಟಿ ಒಪ್ಪದಿದ್ದುದನ್ನೂ ಜನರಿಗೆ ಬೇಕೆಂದು ಕಲಿಸಿದ ನೆಲ ಇದು. ಇಂದು ಯಾರ ಭಯವೂ ಇಲ್ಲ, ಫಲಕ ಬದಲಿಸಬೇಕಾಗಿಯೂ ಇಲ್ಲ. ಒಂದು ಭಾನುವಾರ ನಾಲ್ಕು ಕಾಲೇಜುಗಳ ಹುಡುಗ ಹುಡುಗಿಯರು ಒಂದೇ ಬಸ್ಸಿನಲ್ಲಿ ಔರಾದಿಗೆ ಹೊರಟರೆ ಸಾಕು. ಸುಲ್ತಾನನ ದವಾಖಾನೆಯಲ್ಲಿ ವೈದ್ಯನೂ ಹಕೀಮನೂ ಹಂಚಿಕೊಂಡಿದ್ದ ಸೂರು ಆ ಹಳ್ಳಿಯ ಶಾಲೆಯಲ್ಲಿ ಮತ್ತೆ ದೊರೆತೀತು.