ಮೀನುತೊಟ್ಟಿಗೆ ಮರಳುವ ನೀರು: ಒಂದು ಪಂಪಿನ ಇತಿಹಾಸ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರನ್ನು ಮೊದಲು ಕಾಡುವ ಸಮಸ್ಯೆ ಆಹಾರದ್ದಲ್ಲ, ಆಕ್ಸಿಜನ್ನಿನದು. ನಿಂತ ನೀರಿನಲ್ಲಿ ಆಕ್ಸಿಜನ್ ಮೇಲ್ಮೈಯಿಂದ ತಳಕ್ಕೆ ಬಹಳ ನಿಧಾನವಾಗಿ ಹರಡುತ್ತದೆ. ನೀರು ಚಲಿಸುತ್ತಿದ್ದರೆ ಮಾತ್ರ ಅದು ಎಲ್ಲೆಡೆ ಬೇಗ ತಲಪುತ್ತದೆ. ಈ ಚಲನೆಯನ್ನು ಒದಗಿಸುವುದು ಹೇಗೆ?

1846ರಲ್ಲಿ ಆನ್ನಾ ಥಿನ್ ಎಂಬ ಮಹಿಳೆ ಟಾರ್ಕಿ ಕರಾವಳಿಯಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದರು. ಸಮುದ್ರದ ನೀರನ್ನು ಪದೇ ಪದೇ ತರಿಸುವುದು ಸುಲಭವಿರಲಿಲ್ಲ. ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ, ನಾವು ಬಿಸಿ ಹಾಲನ್ನು ಎತ್ತಿ ಹುಯ್ದು ಆರಿಸುವಂತೆ, ಪಾತ್ರೆಯಿಂದ ಪಾತ್ರೆಗೆ ಅರ್ಧ ಮುಕ್ಕಾಲು ಗಂಟೆ ಸುರಿಯಲಾಗುತ್ತಿತ್ತು. ಈ ಕೆಲಸ ಮನೆಯ ಸೇವಕಿಯ ಪಾಲಿಗೆ ಬಂದಿತ್ತು. ಆಕೆಯ ತೋಳುಗಳೇ ಆ ತೊಟ್ಟಿಯ ಪಂಪು!

1850ರಲ್ಲಿ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಬೇರೊಂದು ದಾರಿ ತೋರಿಸಿದರು. ಮೀನು, ಬಸವನಹುಳು ಹಾಗೂ ಜಲಸಸ್ಯಗಳನ್ನು ಒಟ್ಟಿಗೆ ಇಟ್ಟರೆ ಸಸ್ಯಗಳೇ ಆಕ್ಸಿಜನ್ ಒದಗಿಸುತ್ತವೆ ಎಂಬುದು ಅವರ ಪ್ರಯೋಗದ ಸಾರ. ಆದರೆ ಬೆಳಕಿಲ್ಲದಾಗ ಸಸ್ಯಗಳೂ ಆಕ್ಸಿಜನ್ನನ್ನು ಬಳಸುತ್ತವೆ. ಮೀನುಗಳ ಸಂಖ್ಯೆ ಹೆಚ್ಚಿದರೆ ಈ ಸಮತೋಲ ಕೆಡುತ್ತದೆ.

ವಿಲಿಯಂ ಆಲ್ಫೋರ್ಡ್ ಲಾಯ್ಡ್ ಯಂತ್ರದ ಮೊರೆಹೊಕ್ಕರು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ತೆರೆದ ಮತ್ಸ್ಯಾಲಯದಲ್ಲಿ ಅವರು ಪ್ರದರ್ಶನದ ತೊಟ್ಟಿಗಳಿಗಿಂತ ಬಹಳ ದೊಡ್ಡದಾದ, ಕತ್ತಲ ಜಲಾಗಾರವನ್ನು ಕೆಳಗೆ ಇರಿಸಿದರು. ಹಬೆಯಂತ್ರದ ಪಂಪು ನೀರನ್ನು ಮೇಲೆತ್ತುತ್ತಿತ್ತು. ತೊಟ್ಟಿಗಳಿಂದ ಅದು ತಾನಾಗಿಯೇ ಕೆಳಗಿಳಿಯುತ್ತಿತ್ತು. ಬೆಳಕಿಲ್ಲದ ಜಲಾಗಾರದಲ್ಲಿ ಪಾಚಿ ಬೆಳೆಯುತ್ತಿರಲಿಲ್ಲ. ನಮ್ಮ ಮನೆಗಳ ಸಂಪು ಮತ್ತು ಮೇಲ್ತೊಟ್ಟಿಯನ್ನು ನೆನೆದರೆ ಈ ಏರ್ಪಾಡು ಸುಲಭವಾಗಿ ಅರ್ಥವಾಗುತ್ತದೆ. ಇಂದಿನ ಮನೆ ಮತ್ಸ್ಯಾಲಯಗಳ 'ಮರಳು ಪಂಪು', ಅಂದರೆ ಕೆಳಗಿಳಿದ ನೀರನ್ನು ತೊಟ್ಟಿಗೆ ಮರಳಿಸುವ ಪಂಪು, ಮಾಡುವುದೂ ಇದೇ ಕೆಲಸವನ್ನು.

ಹಬೆಯ ಜಾಗಕ್ಕೆ ವಿದ್ಯುತ್ ಬಂದಿತು. ಚಿಕ್ಕ ಎ.ಸಿ. ಪಂಪುಗಳಲ್ಲಿ ನೀರಿನಲ್ಲೇ ಮುಳುಗಿರುವ ಕಾಂತವೊಂದು ತಿರುಗುತ್ತದೆ. ತಂತಿಸುರುಳಿಯನ್ನು ಪ್ಲಾಸ್ಟಿಕ್ ಗೋಡೆಯಾಚೆ ಮುಚ್ಚಲಾಗಿರುತ್ತದೆ. ಆದರೆ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎರಡು ಧ್ರುವಗಳ ಇಂಥ ಮೋಟಾರು ನಿಮಿಷಕ್ಕೆ 3000 ಸುತ್ತುಗಳ ವೇಗಕ್ಕೆ ಕಟ್ಟುಬಿದ್ದಿರುತ್ತದೆ. ಕವಾಟ ತಿರುಗಿಸಿ ಹರಿವನ್ನು ತಗ್ಗಿಸಬಹುದು, ವೇಗವನ್ನಲ್ಲ.

1962ರಲ್ಲಿ ಅಮೆರಿಕದ ವಿಲ್ಸನ್ ಮತ್ತು ಟ್ರಿಕಿ, ಬ್ರಷ್‌ಗಳ ಬದಲು ಎಲೆಕ್ಟ್ರಾನಿಕ್ ಸ್ವಿಚ್ಚುಗಳಿರುವ ಡಿ.ಸಿ. ಯಂತ್ರವನ್ನು ವಿವರಿಸಿದರು. 1980ರ ದಶಕದಲ್ಲಿ ಪ್ರಬಲವಾದ ನಿಯೋಡಿಮಿಯಂ ಕಾಂತಗಳೂ ದೊರೆತವು. ವೇಗವನ್ನು ಬೇಕಾದಂತೆ ಹೊಂದಿಸಬಲ್ಲ ಇಂದಿನ ಪಂಪು ಈ ಬೆಳವಣಿಗೆಗಳ ಫಲ.

ಇಲ್ಲೊಂದು ಲೆಕ್ಕ ಮುಖ್ಯ. ಪಂಪಿನ ಹರಿವು ವೇಗಕ್ಕೆ, ಅದು ನೀರನ್ನು ಎತ್ತಬಲ್ಲ ಎತ್ತರ ವೇಗದ ವರ್ಗಕ್ಕೆ, ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗವನ್ನು ಅರ್ಧ ಮಾಡಿದರೆ ಶಕ್ತಿ ಎಂಟನೆಯ ಒಂದು ಭಾಗ ಸಾಕೆಂದು ಹಿಗ್ಗುವ ಮುನ್ನ ಎತ್ತರವನ್ನು ನೋಡಬೇಕು. ಪೂರ್ಣ ವೇಗದಲ್ಲಿ 4 ಮೀಟರ್ ಎತ್ತಬಲ್ಲ ಪಂಪು ಅರ್ಧ ವೇಗದಲ್ಲಿ ಎತ್ತುವುದು 1 ಮೀಟರ್ ಮಾತ್ರ. ತೊಟ್ಟಿ 1.5 ಮೀಟರ್ ಮೇಲಿದ್ದರೆ ಪಂಪು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಮೇಲೇರುವುದಿಲ್ಲ. ಮೀನುಗಳು ಅಪಾಯಕ್ಕೆ ಸಿಲುಕುತ್ತವೆ. ಈ ಪಂಪಿಗೆ ಕನಿಷ್ಠ 61 ಶೇಕಡಕ್ಕಿಂತ ಹೆಚ್ಚು ವೇಗ ಬೇಕೇ ಬೇಕು.

ಆದ್ದರಿಂದ ಕೊಳ್ಳುವಾಗ ಡಬ್ಬಿಯ ಮೇಲಿನ ಗರಿಷ್ಠ ಹರಿವಿಗೆ ಮರುಳಾಗದೆ, ನಮ್ಮ ತೊಟ್ಟಿಯ ಎತ್ತರದಲ್ಲಿ ಎಷ್ಟು ನೀರು ಬರುತ್ತದೆಂದು ಅದರ ಹರಿವಿನ ನಕ್ಷೆಯಲ್ಲಿ ನೋಡಬೇಕು. ಹಗಲಿರುಳು ನಡೆಯುವ 40 ವಾಟ್ ಪಂಪು ವರ್ಷಕ್ಕೆ ಸುಮಾರು 350 ಯೂನಿಟ್ ಬಳಸುತ್ತದೆ. 20 ವಾಟ್ ಸಾಕಾದರೆ ಅರ್ಧ ಉಳಿತಾಯ. ಕರೆಂಟು ಹೋದಾಗ ಸೂಕ್ತ ವೋಲ್ಟೇಜಿನ ಬ್ಯಾಟರಿಯಿಂದ ಡಿ.ಸಿ. ಪಂಪನ್ನು ನಡೆಸುವ ಅನುಕೂಲವೂ ಇದೆ. ಪಂಪು ನಿಂತಾಗ ಮೇಲಿಂದ ಇಳಿಯುವ ನೀರಿಗೆ ಕೆಳತೊಟ್ಟಿಯಲ್ಲಿ ಸ್ಥಳ ಬಿಟ್ಟಿರಬೇಕು. ಇಲ್ಲವಾದರೆ ಅದು ಹರಿಯುವುದು ನೆಲದ ಮೇಲೆ.