ಬ್ರೇಕ್ ಪ್ಯಾಡ್ ಕಥೆ: ಚಪ್ಪಲಿ ಅಂಗಡಿಯಿಂದ ಶೋರೂಮ್‌ವರೆಗೆ

ಇವತ್ತಿನ ಸಂಚಿಕೆ ಶುರುವಾಗೋದು ಒಂದು ಸದ್ದಿನಿಂದ. ಬ್ರೇಕ್ ಒತ್ತಿದಾಗೆಲ್ಲ ಮುಂದಿನ ಗಾಲಿ ಕಿರ್ ಅಂತಿದೆ. ಪ್ಯಾಡ್ ಸವೆದಿದೆ. ನೀವಿರೋದು ನಾಗಮಂಗಲದಲ್ಲೋ ಕೆ.ಆರ್. ಪೇಟೆಯಲ್ಲೋ ಅಂದ್ಕೊಳ್ಳಿ. ನಿಮ್ಮ ಕಾರಿನ ಕಂಪನಿ ಶೋರೂಮ್ ಇರೋದು ಮೈಸೂರಲ್ಲಿ. ಹೋಗಿ ಬರೋಕೆ ಒಂದು ದಿನ, ಬಿಲ್ ಬೇರೆ. ಯೂಟ್ಯೂಬ್ ನೋಡಿ ನಾನೇ ಹಾಕ್ಕೊಂಡ್ರೆ ಆಗಲ್ವಾ?

ಈ ಪ್ರಶ್ನೆಗೆ ಕಾರಿನಷ್ಟೇ ವಯಸ್ಸಾಗಿದೆ.

1888ರ ಆಗಸ್ಟ್. ಜರ್ಮನಿಯ ಬೆರ್ತಾ ಬೆಂಜ್, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನು ತಯಾರಿಸಿದ ಮೋಟಾರು ಗಾಡಿ ಹತ್ತಿ ಇಬ್ಬರು ಗಂಡುಮಕ್ಕಳ ಜೊತೆ ತವರೂರಿಗೆ ಹೊರಟಳು. ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಹೆಚ್ಚು ದೂರ. ದಾರಿಯ ಇಳಿಜಾರುಗಳಲ್ಲಿ ಮರದ ಬ್ರೇಕ್ ತುಂಡು ಸವೆದುಹೋಯ್ತು. ಅವಳು ಒಂದು ಹಳ್ಳಿಯ ಚಪ್ಪಲಿ ಅಂಗಡಿಗೆ ಹೋಗಿ ಆ ಮರಕ್ಕೆ ಚರ್ಮ ಹೊಡೆಸಿದಳು. ಜಗತ್ತಿನ ಮೊದಲ ಬ್ರೇಕ್ ಲೈನಿಂಗ್ ಅಂತ ಕರೆಯೋದು ಇದನ್ನೇ. ಗಮನಿಸಿ: ಅವಳು ತಾನೇ ಮಾಡ್ಕೊಳ್ಳಲಿಲ್ಲ, ಕಂಪನಿಗೂ ವಾಪಸ್ ಹೋಗಲಿಲ್ಲ. ಊರಲ್ಲಿ ಕೈಕೆಲಸ ಗೊತ್ತಿದ್ದ ಒಬ್ಬ ಇದ್ದ, ಅವನ ಹತ್ರ ಹೋದಳು.

1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಬ್ರೇಕ್ ಲೈನಿಂಗ್ ಕೆಲಸಕ್ಕೆ ಇಳಿದ. ಅವನಿಗೆ ದಾರಿ ತೋರಿಸಿದ್ದು, ಕುದುರೆಗಾಡಿಯವರು ಮರದ ಬ್ರೇಕಿಗೆ ಹಳೇ ಬೂಟು ಬಡಿದುಕೊಳ್ಳುತ್ತಿದ್ದ ರೂಢಿ ಅಂತಾರೆ. 1902ರಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತಗೊಂಡ. ಅವನ ತಾಮ್ರದ ಪ್ಯಾಡು ಕಿವಿ ಮುಚ್ಚಿಕೊಳ್ಳುವಷ್ಟು ಕಿರುಚ್ತಿತ್ತು! ಆಮೇಲೆ ಬಂದದ್ದು ಆಸ್ಬೆಸ್ಟಾಸ್. ಸದ್ದು ಹೋಯ್ತು, ಶಾಖ ತಡೀತು. ಆದರೆ ಅದರ ಧೂಳು ಕ್ಯಾನ್ಸರ್ ತರುತ್ತೆ ಅನ್ನೋದು ಜಗತ್ತಿಗೆ ಅರ್ಥವಾಗೋಕೆ ದಶಕಗಳೇ ಹಿಡಿದವು.

ಈಗ ನಮ್ಮ ಕಡೆ ಬರೋಣ. ಬೆರ್ತಾಳ ಪ್ರಯಾಣಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1788ರ ಆಗಸ್ಟ್‌ನಲ್ಲಿ, ಶ್ರೀರಂಗಪಟ್ಟಣದಿಂದ ಹೋದ ಟಿಪ್ಪು ಸುಲ್ತಾನನ ರಾಯಭಾರಿಗಳು ಫ್ರಾನ್ಸ್ ದೊರೆ 16ನೇ ಲೂಯಿಯ ಎದುರು ನಿಂತಿದ್ದರು. ಅವರು ಕೇಳಿದ ಸೈನ್ಯದ ನೆರವು ಸಿಗಲಿಲ್ಲ. ಆದರೆ ಅವರು ಕುಶಲಕರ್ಮಿಗಳನ್ನೂ ಕೇಳಿದ್ದರು: ಗಡಿಯಾರ, ಗಾಜು, ಪಿಂಗಾಣಿ, ಬಂದೂಕು ಮಾಡುವವರನ್ನು. ಕೆಲವರು ಅವರ ಜೊತೆ ಬಂದರು ಕೂಡ. ಬರೀ ಸಾಮಾನು ತಂದರೆ ಅದು ಕೆಟ್ಟ ದಿನ ಕತೆ ಮುಗೀತು. ಮಾಡಬಲ್ಲ ಕೈ ಬಂದರೆ ವಿದ್ಯೆ ಊರಲ್ಲೇ ಉಳಿಯುತ್ತೆ. ಪಕ್ಕದ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರು ಬಂದಿದ್ದೂ ಹೈದರ್, ಟಿಪ್ಪು ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ. ನಾಗಮಂಗಲವಂತೂ ಹಿತ್ತಾಳೆ, ಕಂಚಿನ ಕೆಲಸಕ್ಕೇ ಹೆಸರಾದ ಊರು. ಲೋಹ ನಮ್ಮ ಸೀಮೆಗೆ ಹೊಸದೇನಲ್ಲ.

ಕಾರು, ಲಾರಿ ಬಂದಾಗಲೂ ನಮ್ಮ ಪೇಟೆಗಳು ಹಾಗೇ ಕಲಿತವು. ಅಂಬಾಸಿಡರ್ ಕಾಲದ ಡ್ರಮ್ ಬ್ರೇಕ್ ನೆನಪಿಸಿಕೊಳ್ಳಿ. ಸವೆದ ಲೈನಿಂಗ್ ಕಿತ್ತು, ಅದೇ ಶೂಗೆ ಹೊಸದನ್ನ ರಿವಿಟ್ ಹೊಡೆದು ಕೂರಿಸೋರು. ‘ಲೈನಿಂಗ್ ಹೊಡೆಸ್ಕೊಂಡು ಬಾ’ ಅನ್ನೋ ಮಾತು ಲಾರಿ ಗ್ಯಾರೇಜುಗಳಲ್ಲಿ ಇವತ್ತಿಗೂ ಇದೆ. ಯೋಚನೆ ಮಾಡಿ, ಆ ಜರ್ಮನ್ ಚಪ್ಪಲಿ ಅಂಗಡಿಯವನು ಮಾಡಿದ್ದೂ ಇದನ್ನೇ ಅಲ್ವಾ?

ಕಾರೊಳಗೆ ಕಂಪ್ಯೂಟರ್ ಬಂದ ಮೇಲೆ ಆಟ ಬದಲಾಯ್ತು. ಅಸಲಿ ಬಿಡಿಭಾಗ, ದೋಷ ಪತ್ತೆ ಮಾಡೋ ಉಪಕರಣ, ಕೈಪಿಡಿ ಎಲ್ಲ ಕಂಪನಿಯ ಡೀಲರ್ ಕೈಲಿ. ಹೊರಗಿನ ಗ್ಯಾರೇಜಿನವನಿಗೆ ಕೆಲಸ ಗೊತ್ತು, ಸಾಮಾನು ಸಿಗಲ್ಲ. ಇದರ ವಿರುದ್ಧದ ದೂರು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಯ್ತು. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ, ಉಪಕರಣ ಹೊರಗಿನವರಿಗೂ ಸಿಗಬೇಕು. ಹೊರಗಡೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಅನ್ನೋ ಹಾಗಿಲ್ಲ ಅಂದಿತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಅದರಲ್ಲಿ ಮೊಬೈಲ್, ಕೃಷಿ ಯಂತ್ರಗಳ ಜೊತೆ ವಾಹನವೂ ಸೇರಿದೆ.

ಹಾಗಾದ್ರೆ ನೀವೇನು ಮಾಡಬೇಕು? ನನ್ನ ಉತ್ತರ ಇದು. ಮುಂದಿನ ಡಿಸ್ಕ್ ಪ್ಯಾಡ್ ಬದಲಿಸೋದು ಕಲಿಯಬಹುದಾದ ಕೆಲಸ. ಆದರೆ ಮೊದಲ ಸಲ ಗೊತ್ತಿರೋರು ಪಕ್ಕದಲ್ಲಿರಲಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಪ್ಯಾಡು 3 ಮಿ.ಮೀ.ಗೆ ಇಳಿದಿದ್ರೆ ಬದಲಿಸಿ, ಎಡ ಬಲ ಎರಡೂ ಗಾಲಿಗೆ ಒಟ್ಟಿಗೇ. ಧೂಳನ್ನ ಬಾಯಲ್ಲಿ ಊದಬೇಡಿ. ಮುಗಿದ ಮೇಲೆ, ಗಾಡಿ ಕದಲಿಸೋ ಮುಂಚೆ, ಪೆಡಲ್ ಗಟ್ಟಿಯಾಗೋವರೆಗೂ ಒತ್ತಿ ಒತ್ತಿ ಬಿಡಿ. ಇದನ್ನ ಮರೆತರೆ ಮೊದಲ ತಿರುವಿನಲ್ಲೇ ಬ್ರೇಕ್ ಇರಲ್ಲ. ನಾಲೆ ಏರಿ ಮೇಲೆ ಓಡಾಡೋ ನಮ್ಮ ಕಡೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರೋ ಕಾರಿನ ಹಿಂದಿನ ಗಾಲಿಗೆ, ಸರಿಯಾದ ಉಪಕರಣ ಇಲ್ಲದೆ ಕೈ ಹಾಕಬೇಡಿ. ವಾರಂಟಿ ಇದ್ದರೆ ಅದರ ಷರತ್ತು ಮೊದಲು ಓದಿ.

ಇದೆಲ್ಲ ಬೇಡ ಅನ್ನಿಸಿದ್ರೆ, ಶೋರೂಮ್‌ಗೆ ಹೊರಡೋ ಮುಂಚೆ ನಿಮ್ಮೂರ ಗ್ಯಾರೇಜಲ್ಲೊಮ್ಮೆ ಕೇಳಿ. ಒಳ್ಳೆ ಪ್ಯಾಡ್ ಬಿಲ್ ಸಮೇತ ನೀವೇ ಕೊಂಡುಕೊಡಿ, ಹಾಕೋವಾಗ ನಿಂತು ನೋಡಿ. ನೀವು ಉಳಿಸೋದು ದುಡ್ಡು ಮಾತ್ರ ಅಲ್ಲ. ಕೆಲಸ ಬರದೆ ಹೋದ ಗ್ಯಾರೇಜು ಮುಚ್ಚುತ್ತೆ, ಅಲ್ಲಿ ಸ್ಪ್ಯಾನರ್ ಹಿಡಿಯೋಕೆ ಕಲೀತಿರೋ ಹುಡುಗ ಬೆಂಗಳೂರು ಬಸ್ ಹತ್ತುತ್ತಾನೆ. ಆಮೇಲೆ ಬ್ರೇಕ್ ಕಿರ್ ಅಂದ್ರೆ, ಬೇಕೋ ಬೇಡ್ವೋ, ಎಲ್ಲರಿಗೂ ಮೈಸೂರು ರಸ್ತೆ ಒಂದೇ ಗತಿ.